ಮಾವನ ಪಾಲಿನ ಗುಟುಕು

ಮಾರ್ಚ್ 3, ಭಾನುವಾರ

ಅಂಗಡಿಗೆ ರಜೆ. ಬಟ್ಟೆ ಒಗೆದು ಹರವಿದ್ದಾಯಿತು. ಮಾವ ಇವತ್ತೂ ಅರ್ಧ ಊಟಕ್ಕೇ ಎದ್ದರು.

ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಹಡಗಿನ ಇಂಜಿನ್ ರೂಮಿನಲ್ಲಿ ಇಡೀ ಆಯುಷ್ಯ ಕಳೆದ ಮನುಷ್ಯ. ಕುಡುಕರಲ್ಲ — ಸಂಜೆಗೊಂದು ಪೆಗ್, ಅದರ ಜೊತೆ ಒಂದು ಬಂದರಿನ ಕಥೆ. ಹಳೆಯ ಕಾಮಾಲೆಯಿಂದ ಲಿವರ್ ಕೆಟ್ಟಿದೆ, ಇನ್ನು ಒಂದು ತೊಟ್ಟೂ ಕೂಡದು ಅಂದರು ಡಾಕ್ಟರು. ಅಂದಿನಿಂದ ಕಥೆಯೂ ನಿಂತಿದೆ.

ಮಧ್ಯಾಹ್ನ ಪಾರ್ಸಲ್. ಅವರ ಹಳೆಯ ಕ್ಯಾಪ್ಟನ್ ಕಳಿಸಿದ್ದು — ಸಿಂಗಲ್ ಮಾಲ್ಟ್ ವಿಸ್ಕಿ. ವಿಷಯ ಗೊತ್ತಿಲ್ಲ, ಪಾಪ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಮಾವ ನಕ್ಕರು. ಹೆಂಡತಿ ನಗಲಿಲ್ಲ. ಅಮ್ಮನನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿಲ್ಲ ಅವಳಿಗೆ. ಬಾಟಲಿಯನ್ನು ನನ್ನ ಕೈಗಿಟ್ಟು, ಅಪ್ಪನ ಕಣ್ಣಿಗೆ ಬೀಳದ ಕಡೆ ಇಡಿ ಅಂದಳು.

ಮಾರ್ಚ್ 9, ಶನಿವಾರ

ಇವಳು ಗೆಳತಿಯ ಮನೆಗೆ ಹೋಗಿದ್ದಳು. ಮಾವ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಮದುವೆಯಾದಂದಿನಿಂದ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

"ಅಳಿಯಂದ್ರೆ, ನಾನು ಕುಡಿಯಲ್ಲ. ನೀವು ಕುಡೀರಿ. ಹೇಗಿದೆ ಅಂತ ಹೇಳಿ, ಸಾಕು."

ನಾನೋ ಬಿಯರ್ ಬಿಟ್ಟು ಬೇರೆ ಕಂಡವನಲ್ಲ. ಆದರೂ... ತೆಗೆದೆ. ತಾಮ್ರದ ಬಣ್ಣ. ಮೂಸಿದರೆ ಕೆಮ್ಮು. ಗುಟುಕು ನುಂಗಿ, ಬ್ಯಾಂಡೇಜ್ ಸುಟ್ಟ ಹಾಗಿದೆ ಅಂದೆ. ಮಾವ ತೊಡೆ ತಟ್ಟಿದರು. ಅದೇ ಸರಿಯಂತೆ! ಜೌಗು ನೆಲದ ಪೀಟ್ ಎಂಬ ಮಣ್ಣು ಸುಟ್ಟು, ಆ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರಂತೆ. ಅವಸರ ಬೇಡ, ನಾಲಿಗೆಯ ಮೇಲೆ ನಿಲ್ಲಿಸಿ, ಹೊಗೆ ಸರಿದ ಮೇಲೆ ಹಿಂದೆ ಯಾರಿದ್ದಾರೆ ನೋಡಿ ಅಂದರು.

ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಜನರನ್ನು ಕೇಳುವವನು ನಾನು — ಈ ಗಾಜೋ, ಆ ಗಾಜೋ, ಯಾವುದು ಸ್ಪಷ್ಟ? ಇವತ್ತು ನನ್ನ ಸರದಿ. ಏನೋ ಸಿಹಿ ಇತ್ತು. ಹೆಸರು ಸಿಗಲಿಲ್ಲ.

ಊಟಕ್ಕೆ ಮಾವ ಎರಡನೇ ಸಲ ಬಡಿಸಿಕೊಂಡರು. ಇವಳಿಗೆ ಖುಷಿ. ನನ್ನ ಬಾಯಲ್ಲಿ ಏಲಕ್ಕಿ.

ಮಾರ್ಚ್ 16, ಶನಿವಾರ

ಎರಡನೇ ಪಾಠ. ಕೆಲವೇ ಹನಿ ನೀರು ಬೆರೆಸಿದೆ. ಹೊಗೆ ತಗ್ಗಿತು. ಒಣದ್ರಾಕ್ಷಿ, ಅಕ್ರೋಟು, ಹಳೆಯ ಮರದ ಪೆಟ್ಟಿಗೆ... ಹೇಳುತ್ತಾ ಹೋದೆ. ಮಾವ ಕಣ್ಣು ಮುಚ್ಚಿ ಕೇಳಿದರು. ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ್ದಂತೆ, ಆ ಸಿಹಿ ಅದರದ್ದಂತೆ.

ಆಮೇಲೆ ತಾವಾಗಿಯೇ ಒಂದು ಕಥೆ — ನಡುಗಡಲಲ್ಲಿ ಇಂಜಿನ್ ನಿಂತದ್ದು. ಮಧ್ಯೆ, "ನೀನು ಇರ್ಬೇಕಿತ್ತು ಕಣೋ ಅಲ್ಲಿ" ಅಂದರು.

ನೀನು! ಐದು ವರ್ಷ "ನೀವು" ಆಗಿದ್ದವನು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗುತ್ತಿದೆ. ಇವಳಿಗೆ ಹೇಳಬೇಕು. ನಾಳೆ.

ಮಾರ್ಚ್ 23, ಶನಿವಾರ

ಹೇಳಲಿಲ್ಲ. ಇವತ್ತು ಇವಳೇ ಗೆಳತಿಯ ಮನೆಯಿಂದ ಬೇಗ ಬಂದಳು. ಗ್ಲಾಸು ಮಾವನ ಕೈಯಲ್ಲಿತ್ತು — ಮೂಸುತ್ತಿದ್ದರು, ಅಷ್ಟೇ. ನಾನು ಬಾಯಿ ತೆರೆಯುವುದರೊಳಗೆ ಅವಳ ಮುಖ ಬಿಳುಚಿತು. ಕೂಗಾಡಿದ್ದರೆ ವಾಸಿಯಿತ್ತು.

"ನಿಮ್ಮನ್ನ ನಂಬಿ ಕೊಟ್ಟಿದ್ದೆ."

ಮಾವ ಗ್ಲಾಸು ಕೆಳಗಿಟ್ಟು ಎದ್ದು ಹೋದರು.

ಮಾರ್ಚ್ 31, ಭಾನುವಾರ, ಸಂಜೆ 4

ವಾರವಿಡೀ ಮೂವರೂ ಮೂರು ದಿಕ್ಕು. ಮೊನ್ನೆ ಅವಳ ಎದುರು ಕೂತು ಎಲ್ಲ ಹೇಳಿದೆ. ಒಂದು ತೊಟ್ಟೂ ಅವರ ಬಾಯಿಗೆ ಹೋಗಿಲ್ಲ, ಕಥೆ ಹೇಳಲು ಶುರುಮಾಡಿದ್ದರು ಎಂದೂ ಹೇಳಿದೆ. ಕೇಳಿದಳು. ಎದ್ದು ಒಳಗೆ ಹೋದಳು.

ಇವತ್ತು ಊಟವಾದ ಮೇಲೆ ತಾನೇ ಬಾಟಲಿ ತಂದಳು. ಒಂದೇ ಗ್ಲಾಸು. ಅಪ್ಪನ ಎದುರು ಕೂತು, ಹುಟ್ಟಿದಾಗಿನಿಂದ ಮೊದಲ ಸಲ, ಒಂದು ಗುಟುಕು. ಮುಖ ಹಿಂಡಿದಳು. ಮಾವ ಉಸಿರು ಬಿಗಿಹಿಡಿದು ಕಾದರು.

"ಸುಟ್ಟ ಚಪ್ಪಲಿ ಥರ ಇದೆ ಅಪ್ಪ. ನೀನೇನೂ ಕಳ್ಕೊಂಡಿಲ್ಲ."

ಮಾವ ಅವಳನ್ನೇ ನೋಡಿದರು. ಕಣ್ಣು ತುಂಬಿತ್ತು.

"ಸುಳ್ಳುಬುರುಕಿ. ಮತ್ತೆ ತುಟಿ ಯಾಕೆ ನೆಕ್ಕೊಂಡೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅಪ್ಪನ ಭುಜಕ್ಕೆ ಹಣೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ನಾನು ಈ ಕೋಣೆಗೆ ಬಂದುಬಿಟ್ಟೆ.

ಈಗ ಹಜಾರದಲ್ಲಿ ವಾದ. ಅವಳು ಅಂಜೂರ ಅನ್ನುತ್ತಾಳೆ. ಕುಡಿಯದ ಮಾವ, ಬರೀ ವಾಸನೆಯ ಬಲದ ಮೇಲೆ, ಖರ್ಜೂರ ಅನ್ನುತ್ತಾರೆ. ತೀರ್ಪಿಗೆ ನನ್ನನ್ನು ಕರೆಯುತ್ತಿದ್ದಾರೆ. ಯಾರ ಕಡೆ ಹೇಳಿದರೂ ಇನ್ನೊಬ್ಬರು... ಬಂದೆ, ಬಂ—