ಬೇರೆ ಬಂದೂಕಿಗೆ ಹೊಂದದ ಕೇಸು

ಮಹಬೂಲಾ, ಕುವೈತ್
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಬ್ರಿಜಿಟ್,

ಮೊಣಕಾಲು ಹೇಗಿದೆ? ಡ್ಯಾರೆನ್‌ನ ಫ್ಲ್ಯಾಟಿನ ಲಿಫ್ಟ್ ಕೆಟ್ಟಿದೆ ಎಂದಿದ್ದೆಯಲ್ಲ, ರಿಪೇರಿಯಾಯಿತೇ? ಇಲ್ಲದಿದ್ದರೆ ಮೆಟ್ಟಿಲಿಳಿದು ಮೀನು ತರುವ ಹಟ ಬೇಡ, ಮಗನಿಗೆ ಹೇಳು. ನಾನು ಚೆನ್ನಾಗಿದ್ದೇನೆ. ಸಕ್ಕರೆ ಹತೋಟಿಯಲ್ಲಿದೆ, ನೀನು ಹೋದ ಮೇಲೆ ಇಲ್ಲಿ ಸಿಹಿ ಮಾಡುವವರಾದರೂ ಯಾರು? ನಾವು ಆಡುವುದು ಕೊಂಕಣಿ, ಕಾಗದ ಮಾತ್ರ ಮದುವೆಗೆ ಮೊದಲಿನಿಂದಲೂ ಕನ್ನಡ. ಆ ಅಭ್ಯಾಸ ಬಿಟ್ಟಿಲ್ಲ ನೋಡು. ಪಕ್ಕದ ಕೋಣೆಯ ಮೊಯ್ದೀನ್ ಕುಂಞಿ ಇವತ್ತು ಸಂಜೆ ಮಂಗಳೂರಿಗೆ ಹೊರಡುತ್ತಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, “ನಾನು ಕುವೈತಿಗೆ ವಾಪಸ್ ಬರ್ಲಾ?” ಅಂತ. ಸ್ಪೀಕರ್ ಹಾಕಿತ್ತು, ಡ್ಯಾರೆನ್ ಪಕ್ಕದಲ್ಲೇ ಇದ್ದ. ನಾನು ಕೆಮ್ಮಿ ಮಾತು ತಪ್ಪಿಸಿದೆ. ಇಲ್ಲಿಯ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ನೀನು ಊರಿಗೆ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ, “ನಿಮ್ಮದೇ ಊರಲ್ವಾ, ಎಂತ ಕಷ್ಟ?” ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ನೀನು ಶುಕ್ರವಾರ ಒಳ್ಳೆಯ ಸೀರೆ ಉಟ್ಟು ಹತ್ತು ಗಂಟೆಗೆ ಇಗರ್ಜಿಗೆ ಹೋದದ್ದು, ಬಾಗಿಲು ಹಾಕಿದ್ದು ಕಂಡು ಹಿಂದೆ ಬಂದದ್ದು ನಿನ್ನ ಬಾಯಿಂದಲೇ ಕೇಳಿದೆ. ಇಲ್ಲಿ ಇಷ್ಟು ವರ್ಷ ಶುಕ್ರವಾರದ ಬಲಿಪೂಜೆಯೇ ನಮಗೆ ಭಾನುವಾರದ್ದು. ಕಾಲು ತಾನಾಗಿ ಹೊರಟಿರಬೇಕು. “ಮಮ್ಮಿಗೆ ವಾರಕ್ಕೆರಡು ಸಂಡೇ” ಎಂದು ಸೊಸೆ ರಿಯೋನಾ ನಕ್ಕಳಂತೆ. ಒಳ್ಳೆಯ ಹುಡುಗಿ, ಕುಶಾಲಿಗೆ ಹೇಳಿದ್ದು. ಆದರೆ ನೀನು ಅದನ್ನು ನಗುತ್ತಾ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ.

ಕ್ಲಬ್ಬಿನ ಸುದ್ದಿ ಒಂದಿದೆ. ಶೂಟಿಂಗ್ ಕ್ಲಬ್ಬಿನಲ್ಲಿ ಹಾರಿಸಿದ ತೋಟೆಗಳ ಖಾಲಿ ಹಿತ್ತಾಳೆ ಕೇಸುಗಳನ್ನು ತೊಳೆದು, ಅಳೆದು, ಮತ್ತೆ ತುಂಬಲು ತಯಾರು ಮಾಡುವ ನನ್ನ ಕೆಲಸಕ್ಕೆ ನೀನು “ಪಾತ್ರೆ ತಿಕ್ಕುವುದು” ಎಂದು ಹೆಸರಿಟ್ಟಿದ್ದೆ. ಅಲ್ಲಿಯ ಹಿರಿಯ ಸದಸ್ಯ ಮುತ್ತಲಿಬ್ ತಮ್ಮ ಬಂದೂಕಿನಲ್ಲಿ ತೋಟೆ ಕೂರುವ ಜಾಗವನ್ನು ತುಸು ಅಗಲ ಕೊರೆಸಿದ್ದಾರೆ. ಆ ಅಳತೆಯ ಕೇಸು ಅಂಗಡಿಯಲ್ಲಿ ಸಿಗುವುದಿಲ್ಲ. ಮಾಮೂಲಿ ತೋಟೆಯನ್ನೇ ಅದರಲ್ಲಿ ಒಮ್ಮೆ ಹಾರಿಸಬೇಕು; ಒಳಗಿನ ಬೆಂಕಿಯ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಆ ಜಾಗದ ಆಕಾರವನ್ನೇ ಪಡೆಯುತ್ತದೆ. ಫೈರ್‌ಫಾರ್ಮ್ ಅನ್ನುತ್ತಾರೆ. ಆ ಮೊದಲ ಗುಂಡು ಎಲ್ಲಿ ಬಿತ್ತೆಂದು ಯಾರೂ ಅಷ್ಟಾಗಿ ಕೇಳುವುದಿಲ್ಲ, ಕೇಸು ಹೇಗೆ ಬಂತೆಂದು ನೋಡುತ್ತಾರೆ.

ಮೊನ್ನೆ ನನ್ನ ಜೊತೆಗಾರ ಯೂಸುಫ್ ಈ ಕೇಸುಗಳನ್ನು ಬೇರೊಬ್ಬರ ಡಬ್ಬಿಗೆ ಹಾಕಿಬಿಟ್ಟ. ತಳದಲ್ಲಿ ಒತ್ತಿದ ಕಂಪೆನಿಯ ಹೆಸರು, ನಂಬರು ಎಲ್ಲ ಒಂದೇ, ಅವನಿಗೇನು ಗೊತ್ತು? ಅಳತೆ ನೋಡಲೆಂದು ಖಾಲಿ ಕೇಸನ್ನು ಆ ಇನ್ನೊಬ್ಬರ ಬಂದೂಕಿಗೆ ಹಾಕಿದರೆ, ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಮುಚ್ಚಲೇ ಇಲ್ಲ. “ಹೆಸರು ಒಂದೇ ಅಲ್ವಾ ಭಾಯಿ, ಹೇಗೆ ಹೋಗುದಿಲ್ಲ ನೋಡ್ತೇನೆ” ಎಂದು ಹಳೆಯ ಆಕಾರಕ್ಕೆ ತರಲು ಅಚ್ಚಿನಲ್ಲಿಟ್ಟು ಒತ್ತಿದ. ಕೇಸಿನ ಕುತ್ತಿಗೆಯ ಕೆಳಗೆ ಸುಕ್ಕುಬಿತ್ತು, ಇನ್ನು ಅದು ಯಾವ ಬಂದೂಕಿಗೂ ಬೇಡ. ಬೈಗುಳ ಗ್ಯಾರಂಟಿ ಎಂದುಕೊಂಡೆ. ಮುತ್ತಲಿಬ್ ಅದನ್ನು ಅಂಗೈಯಲ್ಲಿಟ್ಟು ನೋಡಿ, “ಖಲಾಸ್ ಹರ್ಬರ್ಟ್! ನನ್ನ ಬಂದೂಕನ್ನು ಮದುವೆಯಾದದ್ದು ಇದು, ತವರಿಗೆ ಯಾಕೆ ಅಟ್ಟಿದಿರಿ?” ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಚಹಾ ತರುವ ನೆಪ ಮಾಡಿ ಹೊರಗೆ ಹೋಗಿ ನಿಂತೆ.

ಇವತ್ತು ಬೆಳಿಗ್ಗೆ ಬಲಿಪೂಜೆಗೆ ಹೋಗಿದ್ದೆ. ಬೆಂಚಿನ ತುದಿಯಲ್ಲಿ ಕೂತು ಪಕ್ಕದಲ್ಲಿ ಜಾಗ ಬಿಟ್ಟಿದ್ದೆ, ಬಿಟ್ಟದ್ದು ನನಗೇ ಗೊತ್ತಿರಲಿಲ್ಲ. ಯಾರೋ ಹೆಂಗಸು ಬಂದು “ಇಲ್ಲಿ ಜನ ಉಂಟಾ?” ಎಂದು ಕೇಳಿದರು. ಉಂಟು ಎಂದುಬಿಟ್ಟೆ. ಪಾಪ, ಪೂಜೆ ಮುಗಿಯುವವರೆಗೆ ಅವರು ನಿಂತೇ ಇದ್ದರು.

ಉತ್ತರ ಬರೆಯಲು ಕೂತವನು ಏನೇನೋ ಬರೆದೆ. ಡ್ಯಾರೆನ್‌ಗೂ ರಿಯೋನಾಗೂ ನನ್ನ ಆಶೀರ್ವಾದ. ಮಾತೆ ಮರಿಯ ನಿನ್ನ ಜೊತೆಗಿರಲಿ.

ನಿನ್ನ
ಹರ್ಬರ್ಟ್

ವಿ.ಸೂ.: ಕುಂಞಿಯವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಬಾ. ಇಲ್ಲೇ ಹವಲ್ಲಿಯಲ್ಲಿ ನಮಗೆಂದು ಒಂದು ಕೋಣೆ, ಸಣ್ಣ ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೇನೆ. ವಿಸಿಟ್ ವೀಸಾಕ್ಕೆ ಅರ್ಜಿ ಕೊಟ್ಟಾಗಿದೆ. ಆಮೇಲಿನದ್ದು ಆಮೇಲೆ ನೋಡುವ. ನಿನ್ನ ಪಾಸ್‌ಪೋರ್ಟ್ ಡ್ಯಾರೆನ್‌ನ ಕಪಾಟಿನಲ್ಲಿದೆ, ನೀನೇ ಕೇಳಿ ತೆಗೆದುಕೊ. ಯಾಕೆಂದು ಕೇಳಿದರೆ “ಪಪ್ಪ ಕರೆದರು” ಅನ್ನಬೇಡ. “ನಂಗೆ ಹೋಗ್ಬೇಕು” ಅನ್ನು.