ವಿರೇಚನಕ್ಕೆ ಸಿಕ್ಕ ಪರವಾನಗಿ

ತೇಲೂರು, ಮುಳುಗಿದ ಕಾರವಾರದ ಮೇಲೆ
ಅಧಿಕ ಫೆಬ್ರವರಿ ೩೧, ೨೪೧೮

ಪೂರ್ವಿಕರಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿ ಪಾಪ ಚಿಕ್ಕದೆಂದು ಅದಕ್ಕೂ ಒಂದು ಅಧಿಕ ಮಾಸ ಕೊಟ್ಟಿದ್ದೇವೆ. ನನ್ನ ಒಂದೆರಡು ಪದ ನಿಮಗೆ ವಿಚಿತ್ರ ಅನ್ನಿಸಿದರೂ ಕ್ಷಮಿಸಬೇಕು. ನೀವು ಬಿಟ್ಟುಹೋದ ಕನ್ನಡಕ್ಕೇ ತೇಪೆ ಹಾಕಿಕೊಂಡಿದ್ದೇವೆ. ನಮ್ಮ ಊರು ಕಡಲ ಮೇಲೆ ತೇಲುತ್ತದೆ, ಆದ್ದರಿಂದ ತೇಲೂರು. ಬೆಳಿಗ್ಗೆ ಎದ್ದು, ಊರು ನಿನ್ನೆ ಇದ್ದಲ್ಲೇ ಇದೆಯೇ ಎಂದು ನೋಡಿ, ಆಮೇಲೆ ಹಲ್ಲುಜ್ಜುತ್ತೇವೆ. ಸುತ್ತಲೂ ಉಪ್ಪುನೀರಿರುವಾಗ ಕಣ್ಣಿಂದಲೂ ಅದನ್ನೇ ಸುರಿಸುವುದು ದುಂದೆಂದು ಹಿರಿಯರು ಅಳುವನ್ನು ನಿಷೇಧಿಸಿದರು. ಅದರ ಉಸ್ತುವಾರಿಗೆ ಕಣ್ಣೀರಾವರಿ ಇಲಾಖೆ ಇದೆ. ನಾಟಕದಲ್ಲಿ ಯಾರಾದರೂ ಸತ್ತರೆ ಇಲಾಖೆಯ ಸುಖಾಂತಾಧಿಕಾರಿ ರಂಗಕ್ಕೆ ಹತ್ತಿ, ನೀರು ಚಿಮುಕಿಸಿ ಎಬ್ಬಿಸುತ್ತಾರೆ. ಈಗಿನ ಅಧಿಕಾರಿ ಮಾರ್ತಾಂಡಯ್ಯ ಬಲು ನಿಷ್ಠಾವಂತರು. ಒಮ್ಮೆ ಬರೀ ನಿದ್ದೆ ಮಾಡುತ್ತಿದ್ದ ಪಾತ್ರವನ್ನೂ ಎಬ್ಬಿಸಿದ್ದರು.

ಈ ವರ್ಷ ನಮ್ಮ ಮೇಳ ರುದ್ರನಾಟಕ ಆಡಲು ಹೊರಟಿತು. ನೆರೆಯಿಂದ ಊರು ಉಳಿಸಲೆಂದು ತಾಯಿಯೊಬ್ಬಳು ತೂಬು ತೆರೆಯುತ್ತಾಳೆ, ಆಚೆ ಮಗನಿದ್ದಾನೆಂದು ತಿಳಿಯದೆ. ಹಳೆಯ ಗ್ರೀಕರ ಲೆಕ್ಕವೂ ಅದೇ: ರುದ್ರನಾಟಕದ ನಾಯಕ ಕೆಟ್ಟವನಾಗಿರಬಾರದು, ಆದರೆ ತಪ್ಪದೇ ಒಂದು ತಪ್ಪು ಮಾಡಬೇಕು. ತಾಯಿಯ ಪಾತ್ರ ಗಿರಿಯಮ್ಮನವರದು. ಎರಡು ವರ್ಷದ ಹಿಂದೆ ಅವರ ಮಗ ಬಿರುಗಾಳಿಗೆ ಸಿಕ್ಕಿ ಹೋದ. ಇಲಾಖೆಯವರು ಬಂದು, ಕೆನ್ನೆಯಲ್ಲಿ ಗುಳಿ ಬೀಳಿಸುವ ಗುಳಿಗೆ ಕೊಟ್ಟು ಹೋದರು. ಗಿರಿಯಮ್ಮ ಅತ್ತೇ ಇಲ್ಲ. ತಾಲೀಮಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ನನ್ನ ಮಗ ಏಳಲಿಲ್ಲ ತಮ್ಮಾ. ಇವನನ್ನೂ ಏಳಿಸಬೇಡಿ.”

ಸತ್ತವನನ್ನು ಎಬ್ಬಿಸದೆ ಆಡಲು ಪರವಾನಗಿ ಕೇಳಿ ಇಲಾಖೆಗೆ ಹೋದೆ. ನಾಟಕದ ಉದ್ದೇಶವೇನೆಂದು ಮಾರ್ತಾಂಡಯ್ಯ ಕೇಳಿದರು. ಕಾಲೇಜಿನಲ್ಲಿ ಕಲಿತದ್ದನ್ನೇ ಒಪ್ಪಿಸಿದೆ: ಕರುಣೆಯನ್ನೂ ಭಯವನ್ನೂ ಕೆರಳಿಸಿ ವಿರೇಚನ ಮಾಡಿಸುವುದು. ಗ್ರೀಕರಿಗೆ ಅದು ಮನಸ್ಸನ್ನು ತೊಳೆಯುವುದು. ಮಾರ್ತಾಂಡಯ್ಯನವರಿಗೆ ವಿರೇಚನವೆಂದರೆ ಹರಳೆಣ್ಣೆ. ಹೊಟ್ಟೆಯ ವಿಷಯ ತಮ್ಮ ವ್ಯಾಪ್ತಿಯದಲ್ಲವೆಂದು ನನ್ನನ್ನು ಆರೋಗ್ಯ ಇಲಾಖೆಗೆ ಸಾಗಹಾಕಿದರು. ಊರಿನ ಮಲಬದ್ಧತೆಯಿಂದ ಬೇಸತ್ತಿದ್ದ ಡಾಕ್ಟರ್ ಸುಲೋಚನಾಬಾಯಿ ಖುಷಿಯಿಂದ ಪರವಾನಗಿ ಕೊಟ್ಟರು. ಒಂದೇ ಷರತ್ತು: ವಿರೇಚನ ಶುರುವಾದ ಮೇಲೆ ಯಾರೂ ತಡೆಯಕೂಡದು.

ಆಟದ ದಿನ ವಿರೇಚನದ ಸುದ್ದಿ ಕೇಳಿ ಜನ ಕಿಕ್ಕಿರಿದರು, ಎಲ್ಲರಿಗೂ ಬಾಗಿಲ ಹತ್ತಿರದ ಕುರ್ಚಿಯೇ ಬೇಕು. ತೂಬು ತೆರೆಯಿತು, ಮಗ ಬಿದ್ದ. ಮಾರ್ತಾಂಡಯ್ಯ ಚೊಂಬು ಹಿಡಿದು ಎದ್ದರು. ಡಾಕ್ಟರ್ ತೋಳು ಹಿಡಿದು ಕೂರಿಸಿದರು: “ನಡುವೆ ನಿಲ್ಲಿಸಿದರೆ ರೋಗಿಗೆ ಅಪಾಯ ಸ್ವಾಮಿ.” ಗಿರಿಯಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅಲ್ಲಿ ಅರ್ಧ ಪುಟದ ಮಾತಿತ್ತು, ಒಂದನ್ನೂ ಆಡಲಿಲ್ಲ. ಅತ್ತರು. ಅವರ ಹಿಂದೆಯೇ ಸಭೆ. ಅಳುವ ಅಭ್ಯಾಸವಿಲ್ಲದ ಕೆಲವರು ಸೀನಿದರು, ಕೆಲವರು ಬಿಕ್ಕಳಿಸಿದರು, ಕ್ರಮೇಣ ಎಲ್ಲರಿಗೂ ಅಳು ರೂಢಿಯಾಯಿತು. ಮಾರ್ತಾಂಡಯ್ಯ ಚೊಂಬಿನ ನೀರನ್ನು ತಮ್ಮ ಮುಖಕ್ಕೇ ಎರಚಿಕೊಂಡರು, ಕೆನ್ನೆ ಯಾತಕ್ಕೆ ಒದ್ದೆಯಾಯಿತೆಂದು ಯಾರೂ ಕೇಳದಿರಲೆಂದು. ಮಗನನ್ನು ಯಾರೂ ಏಳಿಸಲಿಲ್ಲ.

ನಾವು ಗೆದ್ದೆವು. ಡಾಕ್ಟರಮ್ಮ ಈಗ ರೋಗಿಗಳ ಚೀಟಿಯಲ್ಲಿ ವಾರಕ್ಕೊಂದು ರುದ್ರನಾಟಕ ಬರೆದುಕೊಡುತ್ತಾರೆ, ಊಟಕ್ಕೆ ಮೊದಲು. ಅಂದು ಆಟ ಮುಗಿದ ಮೇಲೆ ಗಿರಿಯಮ್ಮ ಹೊಟ್ಟೆ ತುಂಬ ಉಂಡು, ಸಾರಿಗೆ ಉಪ್ಪು ಸಾಲದೆಂದು ಬೈದು, ಎರಡು ವರ್ಷದಲ್ಲಿ ಮೊದಲ ಸಲ ಮಗನ ಹೆಸರೆತ್ತಿದರು: ದೇವು ಇದ್ದಿದ್ದರೆ ಇದನ್ನೂ ಎರಡು ಸಲ ಹಾಕಿಸಿಕೊಳ್ಳುತ್ತಿದ್ದನಂತೆ. ಹೇಳಿ ನಕ್ಕರು, ಗುಳಿಗೆಯಿಲ್ಲದೆ.

ನಿಮ್ಮಲ್ಲಿ ಅಳು ಇನ್ನೂ ಪುಕ್ಕಟೆಯಂತೆ. ಈರುಳ್ಳಿಗೂ ಸೀರಿಯಲ್ಲಿಗೂ ಅದನ್ನೆಲ್ಲ ಖರ್ಚು ಮಾಡಿಬಿಡಬೇಡಿ. ನಿಮ್ಮ ನಾಟಕಗಳಲ್ಲಿ ಸತ್ತವರನ್ನು ದಯವಿಟ್ಟು ಮಲಗಲು ಬಿಡಿ. ಆಗ ನೋಡುತ್ತಾ ಕೂತವರು ಏಳುತ್ತಾರೆ.

ಇಂತಿ ನಿಮ್ಮ ಮುಂದಿನವನು,
ವಿಠೋಬ ತೇಲೂರಕರ