ಸಣ್ಣಗೆ ಬರುವ ನೀರು

ಮಾರ್ಚ್ 3, ಬೆಳಿಗ್ಗೆ 7.10

ಇವತ್ತೂ ಸಣ್ಣಗೆ. ಕುಕ್ಕರ್ ಅರ್ಧ ತುಂಬುವಷ್ಟರಲ್ಲಿ ಹಲ್ಲುಜ್ಜಿ ಬಂದೆ. ಬಚ್ಚಲಿನ ನಲ್ಲಿ ಧೋ ಅನ್ನುತ್ತಿದೆ, ಅಡುಗೆಮನೆಯದಕ್ಕೆ ಮಾತ್ರ ನೆಗಡಿ. ಟ್ಯಾಂಕ್ ಒಂದೇ. ಹಾಗಾದರೆ ತಂಟೆ ಇಲ್ಲೇ, ಸಿಂಕಿನ ಆಸುಪಾಸಿನಲ್ಲಿ.

"ಪ್ಲಂಬರ್‌ಗೆ ಫೋನ್ ಮಾಡ್ಲಾ?" ಅಂದರು ಇವರು. ಬೇಡ ಅಂದೆ. ಒಳಗೆ ಏನಿದೆ ಅಂತ ನಾನೇ ನೋಡಬೇಕು.

ಸಂಜೆ

ನಲ್ಲಿಯ ಮೂತಿಯ ಜಾಲರಿ ಬಿಚ್ಚಿದೆ. ಲ್ಯಾಬಿನಿಂದ ಭೂತಗನ್ನಡಿ ತಂದಿದ್ದೆ. ದಿನವಿಡೀ ಕಟ್ಟುಹಲ್ಲು ಮಾಡುವವಳಿಗೆ ಇದು ಪರಿಚಿತ ದೃಶ್ಯ — ತುಂಬ ಬಿಳಿ ಸುಣ್ಣ, ಥೇಟ್ ಹಲ್ಲಿನ ಕಿಟ್ಟ! ಜೊತೆಗೆ ಮರಳು, ಒಂದು ಕಪ್ಪು ರಬ್ಬರ್ ಚೂರು. ಎಲ್ಲಿಂದ ಬಂತೋ ಪಾಪ. ವಿನಿಗರ್‌ನಲ್ಲಿ ನೆನೆಸಿ ಹಳೇ ಬ್ರಶ್‌ನಿಂದ ತಿಕ್ಕಿದೆ. ಸಿಕ್ಕಿಸಿ ತಿರುಗಿಸಿದರೆ... ಅಬ್ಬಾ! ಮೈಯೆಲ್ಲ ಒದ್ದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೊಗಳುತ್ತಾರೆ ಅಂದುಕೊಂಡೆ. "ಇಷ್ಟು ಜೋರು ಯಾಕೆ ಬೇಕಿತ್ತು?" ಅಂದು ಒಳಗೆ ಹೋದರು.

ಮಾರ್ಚ್ 5

ಊಟವಾದ ಮೇಲೆ ಅತ್ತೆ ಪಾತ್ರೆ ತೊಳೆಯುವುದು, ನಾನು ಒರೆಸುವುದು. ಅವರು ನಮ್ಮ ಜೊತೆ ಇರಲು ಬಂದಾಗಿನಿಂದ ಇದೇ ನಡೆದುಬಂದಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರು ಯಾರ ಹತ್ತಿರ ಏನು ಪಿಸುಗುಟ್ಟಿದರು ಅಂತ ಒಂದೊಂದೇ ಬಿಚ್ಚುತ್ತಾರೆ, ನಾನು ನಕ್ಕು ನಕ್ಕು ತಟ್ಟೆ ಕೆಳಗೆ ಹಾಕುತ್ತೇನೆ. ನನಗೆ ಇಡೀ ದಿನದಲ್ಲಿ ಅದೇ ಇಷ್ಟದ ಹೊತ್ತು.

ಎರಡು ದಿನದಿಂದ ಕಥೆಯಿಲ್ಲ. ಕೇಳಿದ್ದಕ್ಕೆಲ್ಲ ಬರೀ "ಹ್ಞೂಂ." ಇವತ್ತು ಬೆಳಿಗ್ಗೆ ಇವರ ಹತ್ತಿರ ಹೇಳಿದರಂತೆ, ತಿಂಗಳ ಕೊನೆಗೆ ಮಗಳ ಮನೆಗೆ ಹೋಗುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಅಂತ. ಯಾಕೆ? ನಾನೇನು ಮಾಡಿದೆ?

ಧೈರ್ಯ ಮಾಡಿ, ಮುಖ ನೋಡದೆ, ಲೋಟ ಒರೆಸುತ್ತಲೇ ಹೇಳಿದೆ. "ಹೋಗ್ಬೇಡಿ ಅತ್ತೆ. ಇಲ್ಲೇ ಇದ್ಬಿಡಿ."

ಅವರು ಬಾಣಲೆ ತಿಕ್ಕುತ್ತಲೇ ಇದ್ದರು. ಅವಮಾನವಾಯಿತು. ಅಳುವೂ ಬಂತು.

ಮಾರ್ಚ್ 6

ನೀರು ಮತ್ತೆ ಸಣ್ಣಗೆ! ಜಾಲರಿ ಬಿಚ್ಚಿ ನೋಡಿದೆ, ಫಳಫಳ ಹೊಳೆಯುತ್ತಿದೆ. ಇದೇನು ವಿಚಿತ್ರ?

ಮಾರ್ಚ್ 8, ಭಾನುವಾರ

ಸಿಂಕಿನ ಕೆಳಗೆ ತಲೆ ತೂರಿಸಿದೆ. ಪೈಪ್ ಬಿಚ್ಚಬೇಕಾದರೆ ಮೊದಲು ಅಲ್ಲಿರುವ ವಾಲ್ವ್ ಮುಚ್ಚಬೇಕು. ಒಂದೇ ಸುತ್ತು ತಿರುಗಿಸಿದ್ದಕ್ಕೆ ಮುಚ್ಚಿತು. ಪೈಪ್ ಬಿಚ್ಚಿ ಊದಿದೆ — ಕಸ ಇಲ್ಲ, ಮಡಚಿಲ್ಲ. ವಾಪಸ್ ಹಾಕಿ ವಾಲ್ವ್ ತೆರೆದರೆ ತಿರುಗುತ್ತದೆ, ಇನ್ನೂ ತಿರುಗುತ್ತದೆ, ಮತ್ತೂ ತಿರುಗುತ್ತದೆ...

ಅಂದರೆ ನಾನು ಮುಟ್ಟುವ ಮೊದಲೇ ಅದು ಮುಕ್ಕಾಲು ಮುಚ್ಚಿತ್ತು. ತಾನಾಗಿ ತಿರುಗುವ ವಸ್ತುವಂತೂ ಅಲ್ಲ.

"ಆಣೆಗೂ ನಾನಲ್ಲ. ಅಲ್ಲೊಂದು ವಾಲ್ವ್ ಇದೆ ಅಂತಾನೇ ನಂಗೊತ್ತಿಲ್ಲ" ಅಂದರು ಇವರು. ನಂಬಿದೆ. ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೂ ಗೊತ್ತಿಲ್ಲದ ಮನುಷ್ಯ.

ಮಾರ್ಚ್ 9

ಲ್ಯಾಬಿನಲ್ಲಿ ಮುಟ್ಟಿದರೆ ಬಣ್ಣ ಹತ್ತುವ ಒಂದು ನೀಲಿ ಕಾಗದ ಇಟ್ಟುಕೊಂಡಿರುತ್ತೇವೆ. ಹಲ್ಲು ಎಲ್ಲೆಲ್ಲಿ ತಾಗುತ್ತದೆ ಅಂತ ಗುರುತು ಹಿಡಿಯಲು. ಒಂದು ಚೂರು ತಂದು ವಾಲ್ವಿನ ಹಿಡಿಗೆ ಚೆನ್ನಾಗಿ ಉಜ್ಜಿಟ್ಟೆ. ನನ್ನ ಮನೆಯಲ್ಲೇ ಪತ್ತೇದಾರಿ. ನಗು ಬರುತ್ತಿದೆ.

ಮಾರ್ಚ್ 10

ನೀರು ಸಣ್ಣಗೆ. ಅತ್ತೆಯ ಹೆಬ್ಬೆರಳು ನೀಲಿ.

ನಗು ಹೋಯಿತು. ನೀರು ಉಳಿಸಲಿಕ್ಕಾ? ಬಚ್ಚಲಲ್ಲಿ ಬಕೆಟ್‌ಗಟ್ಟಲೆ ಸುರಿದುಕೊಳ್ಳುತ್ತಾರಲ್ಲ. ನನ್ನ ಮೇಲಿನ ಸಿಟ್ಟಾ? ಆದರೆ ಇವತ್ತು ಪಾತ್ರೆ ತೊಳೆಯುವಾಗ ಎಷ್ಟು ಮಾತಾಡಿದರು! ಒಂದೇ ಲೈನಿನಲ್ಲಿ ಸಿಕ್ಕಿಬಿದ್ದ ಇಬ್ಬರು ಬೀಗರ ಜಗಳ, ಇಬ್ಬರ ದನಿಯಲ್ಲೂ.

ನೀರು ಸಣ್ಣಗಿದ್ದರೆ ಮಾತು. ಜೋರಾದರೆ "ಹ್ಞೂಂ."

ತಡಿ, ತಡಿ...

ಮಾರ್ಚ್ 11

ಮಾಡಬಾರದಿತ್ತೇನೋ, ಮಾಡಿದೆ. ವಾಲ್ವ್ ಪೂರ್ತಿ ತೆರೆದಿಟ್ಟೆ, ನನ್ನ ಹೆಬ್ಬೆರಳೂ ನೀಲಿಯಾಯಿತು. ಅತ್ತೆ ತೊಳೆಯುವಾಗ ಹಿಂದೆ ನಿಂತು ಹೇಳಿದೆ, "ಅತ್ತೆ, ನಿಮ್ಮ ಕಾಲ ಹತ್ರ ಹಲ್ಲಿ."

ಹಲ್ಲಿ ಅಂದರೆ ಮಾರು ದೂರ ಹಾರುವವರು. ಅಲುಗಲಿಲ್ಲ. ಚಮಚ ತೊಳೆಯುತ್ತಿದ್ದರು.

ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸುತ್ತಿಲ್ಲ. ಹಾಗಾದರೆ ಅವತ್ತು ನಾನು ಹೇಳಿದ್ದೂ ಕೇಳಿಸಿಲ್ಲ! ಕುಣಿಯುವಷ್ಟು ಖುಷಿಯಾಯಿತು. ಎಂಥವಳು ನಾನು, ಅವರಿಗೆ ಕಿವಿ ಕೇಳದ್ದಕ್ಕೆ ಖುಷಿಪಡುತ್ತೇನಲ್ಲ.

ಮಾರ್ಚ್ 12, ಸಂಜೆ 6.30

ಇವರು ಇನ್ನೂ ಬಂದಿಲ್ಲ. ಬೇಗ ಬರೆದುಬಿಡುತ್ತೇನೆ.

ಸಂಜೆಯ ಪಾತ್ರೆಗೆ ಅತ್ತೆ ನಲ್ಲಿ ತಿರುಗಿಸಿದರು. ಪಕ್ಕಕ್ಕೆ ಹೋಗಿ ಪೂರ್ತಿ ನಿಲ್ಲಿಸಿದೆ. ಅವರ ನೀಲಿ ಹೆಬ್ಬೆರಳ ಪಕ್ಕ ನನ್ನ ನೀಲಿ ಹೆಬ್ಬೆರಳು ಇಟ್ಟೆ. ನೋಡಿದರು. ಅರ್ಥವಾಯಿತು.

"ಇಡೀ ಊರಿನ ಮಾತು ಜೋಡಿಸಿದ ಕಿವಿ ಕಣೆ ಇದು" ಅಂದರು. "ಈಗ ಒಂದು ನಲ್ಲಿ ಮುಂದೆ ಸೋತುಹೋಗುತ್ತೆ. ನೀನು ಏನೋ ಕೇಳ್ತೀಯ, ನಾನು ಹ್ಞೂಂ ಅಂತೀನಿ. ಎಷ್ಟು ದಿನ ಅಂತ ನಾಟಕ ಆಡ್ಲಿ? ಬಯಲಾಗೋ ಮೊದಲೇ ಮಗಳ ಮನೆ ಸೇರೋಣ ಅಂದ್ಕೊಂಡೆ. ಅಲ್ಲಿ ಯಾರೂ ನನ್ನ ಮಾತಾಡಿಸೋಲ್ಲ. ಆರಾಮ."

"ಇಲ್ಲಿ ಮಾತಾಡ್ಸೋಳು ಏನ್ಮಾಡ್ಬೇಕು ಮತ್ತೆ? ಡಾಕ್ಟರ್ ಹತ್ರ ಹೋಗೋಣ. ಹಲ್ಲು ಕಟ್ಟೋ ಕಾಲದಲ್ಲಿ ಕಿವಿಗೇನು ಬರ?"

"ಅವನಿಗೆ ಹೇಳ್ಬೇಡ."

"ಆಮೇಲೆ ನೀವೇ ಹೇಳಿ. ಈಗ ಇದು ಕೇಳಿ." ಮುಖ ನೋಡಿಯೇ ಹೇಳಿದೆ. "ಹೋಗ್ಬೇಡಿ. ಇಲ್ಲೇ ಇದ್ಬಿಡಿ."

ಕೇಳಿಸಿತು. ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡು ಗದರಿದರು, "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಹೋದ ವಾರವೇ ಹೇಳಿದ್ದೆ ಅನ್ನುವುದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಸಿಂಕಿನ ಕೆಳಗೆ ಬಗ್ಗಿ, ಅವರಿಗೆ ಬೇಕಾದಷ್ಟಕ್ಕೆ ವಾಲ್ವ್ ಮುಚ್ಚಿ ಬಂದೆ.

ಈಗ ಕೂಗುತ್ತಿದ್ದಾರೆ, "ಒರೆಸೋಳು ಎಲ್ಲಿ ಹೋದ್ಲು?"

ಬಂದೆ ಅಂತ ಇಲ್ಲಿಂದಲೇ ಕೂಗಿದೆ. ನೀರು ಬಿಟ್ಟುಕೊಂಡಿದ್ದಾರೆ, ಕೇಳಿಸಿರಲಿಕ್ಕಿಲ್ಲ. ಹತ್ತಿರ ಹೋಗಿಯೇ —